ಕಚ್ಚಿದ ನಾಯಿ ಏನಾಯಿತು

ಹೊಸೂರಿನ ಹತ್ತಿರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ಮೊದಲ ವರ್ಷಗಳಲ್ಲಿ ನನಗೆ ಒಬ್ಬ ಮುದುಕಿಯ ಮೇಲೆ ಹೊಟ್ಟೆಕಿಚ್ಚಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಹತ್ತಿರ ಡಿಗ್ರಿ ಇತ್ತು, ಸ್ಟೆತಾಸ್ಕೋಪ್ ಇತ್ತು, ಸರ್ಕಾರ ಕಳಿಸಿದ ಲಸಿಕೆ ಇತ್ತು. ಆಕೆಯ ಹತ್ತಿರ ಇದ್ದದ್ದು ಒಂದು ರುಬ್ಬುವ ಕಲ್ಲು, ಹಿತ್ತಲಲ್ಲಿ ಬೆಳೆಯುವ ಯಾವುದೋ ಸೊಪ್ಪು. ಆದರೂ ನಾಯಿ ಕಚ್ಚಿದವರು ನಮ್ಮ ಆಸ್ಪತ್ರೆಯ ಮುಂದೆಯೇ ಹಾದು, ತೊರಪಲ್ಲಿ ಅಗ್ರಹಾರದ ಆಚೆಗಿದ್ದ ಆಕೆಯ ಮನೆಗೆ ಹೋಗುತ್ತಿದ್ದರು. ಹೋಗುವಾಗ ನನಗೆ ನಮಸ್ಕಾರ ಬೇರೆ ಮಾಡುತ್ತಿದ್ದರು.

ಊರಿನವರು ಆಕೆಯನ್ನು ನಾಯಿ ಮದ್ದಿನ ಅಜ್ಜಿ ಎನ್ನುತ್ತಿದ್ದರು. ವಾರವೆಲ್ಲ ರಾಗಿ ಹೊಲದಲ್ಲಿ ಕೆಲಸ, ಭಾನುವಾರ ಬೆಳಗ್ಗೆ ಮದ್ದು. ಗಾಯವನ್ನು ಅಂಟುವಾಳದ ನೊರೆ ಹಚ್ಚಿ ಕೊಡಗಟ್ಟಲೆ ನೀರು ಹೊಯ್ದು ತೊಳೆಯುವುದು, ಸೊಪ್ಪಿನ ರಸವನ್ನು ಮೇಕೆ ಹಾಲಿನಲ್ಲಿ ಕಲಸಿ ಕುಡಿಸುವುದು, ಮೂರು ಭಾನುವಾರ ಉಪ್ಪಿಲ್ಲದ ಊಟ. ಅಷ್ಟೇ. ನಾನು ಕೊಡುತ್ತಿದ್ದುದೋ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್. ನನಗೇ ನಾಯಿ ಕಚ್ಚಿದ್ದರೆ ಎಲ್ಲಿಗೆ ಹೋಗುತ್ತಿದ್ದೆನೋ ದೇವರಿಗೇ ಗೊತ್ತು. ಅದನ್ನು ಆಗ ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ.

ಆಕೆಯ ಮದ್ದು ಸುಳ್ಳು ಎಂದು ತೋರಿಸಲು ಒಂದು ನೋಟ್‌ಬುಕ್ ಮಾಡಿದೆ. ರಜೆಯ ದಿನ ಸೈಕಲ್ ಹತ್ತಿ, ಆಕೆಯ ಮದ್ದು ಕುಡಿದವರ ಮನೆ ಹುಡುಕಿಕೊಂಡು ಹೊರಡುತ್ತಿದ್ದೆ. ಮೇಲಿನ ಅಧಿಕಾರಿಗೆ ವರದಿ ಬರೆದು ಆ ಭಾನುವಾರಗಳನ್ನು ನಿಲ್ಲಿಸಿಬಿಡಬೇಕೆಂಬುದು ನನ್ನ ಆಸೆ. ಜನರ ಪ್ರಾಣಕ್ಕಾಗಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ನಿಜವೇ, ಆದರೆ ಅದಕ್ಕಾಗಿ ಅಷ್ಟು ಬಿಸಿಲಲ್ಲಿ ಸೈಕಲ್ ತುಳಿಯುವಷ್ಟು ಒಳ್ಳೆಯವನು ನಾನಲ್ಲ.

ಹೋದಲ್ಲೆಲ್ಲ ಎಲ್ಲರೂ ಗಟ್ಟಿಮುಟ್ಟಾಗಿದ್ದರು. ಅಂಗಳದಲ್ಲಿ ಕೂರಿಸಿ ಕಾಫಿ ಕೊಟ್ಟು, ಅಜ್ಜಿಯ ಕೈಗುಣ ಹೊಗಳುತ್ತಿದ್ದರು. ಅದನ್ನು ನುಂಗಿಕೊಂಡು ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕಚ್ಚಿದ ನಾಯಿ ಏನಾಯಿತು? ನಾಯಿಗೆ ಹುಚ್ಚಿದ್ದರೆ ಅದು ಹತ್ತು ದಿನದೊಳಗೆ ಸಾಯುತ್ತದೆ. ಬದುಕಿದ್ದರೆ ಹುಚ್ಚಿರಲಿಲ್ಲ, ಮದ್ದೂ ಬೇಕಿರಲಿಲ್ಲ. ಇಷ್ಟು ಗೊತ್ತಾದರೆ ಸಾಕಿತ್ತು. ಆದರೆ ನಮ್ಮ ಸೀಮೆಯಲ್ಲಿ ನಾಯಿ ಕಚ್ಚಿದ ತಕ್ಷಣ ಬೀದಿಯವರೆಲ್ಲ ಸೇರಿ ದೊಣ್ಣೆ ತೆಗೆದುಕೊಂಡು ಅದನ್ನು ಹೊಡೆದು ಹಾಕುವುದು ರೂಢಿ.

"ಅಲ್ಲೇ ಹೊಡ್ದಾಕ್ಬುಟ್ವಿ ಸಾರ್" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಇದ್ದ ಒಂದು ಸಾಕ್ಷಿಯನ್ನೂ ಹೂತುಬಿಟ್ಟು ನನಗೆ ಕಾಫಿ ಕೊಡುತ್ತಿದ್ದರು.

ಪುಟ ತುಂಬ 'ಹೊಡೆದು ಕೊಂದರು' ಎಂದೇ ಬರೆದುಕೊಂಡು ಬಂದೆ. ಒಂದು ದಿನ ನನ್ನ ಆಸ್ಪತ್ರೆಯ ರಿಜಿಸ್ಟರನ್ನೂ ಅದೇ ಪ್ರಶ್ನೆ ಹಿಡಿದು ನೋಡಿದೆ. ಅಲ್ಲಿಯೂ ಅದೇ ಕಥೆ. ನನ್ನ ಇಂಜೆಕ್ಷನ್‌ನಿಂದ ಬದುಕಿದರೆಂದು ನಾನು ಎಣಿಸಿಕೊಂಡವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಹುಚ್ಚುನಾಯಿ ಕಚ್ಚಿತ್ತು? ನನಗೆ ಗೊತ್ತಿರಲಿಲ್ಲ. ಲಸಿಕೆ ಕೆಲಸ ಮಾಡುತ್ತದೆಂದು ಪುಸ್ತಕದಲ್ಲಿ ಓದಿ ನಂಬಿದ್ದೆ. ಆದರೆ ನನ್ನ ರಿಜಿಸ್ಟರ್ ಅದನ್ನು ಹೇಳುತ್ತಿರಲಿಲ್ಲ.

ಹೇಳುತ್ತಿದ್ದುದು ಇನ್ನೊಂದನ್ನು. ನಾಟ್ರಾಂಪಾಳ್ಯದಿಂದ ಬಂದು ಇಲ್ಲಿ ಕಲ್ಲು ಒಡೆಯುವ ಕೆಲಸಕ್ಕಿದ್ದ ಒಬ್ಬ ನನ್ನ ಹತ್ತಿರ ಇಂಜೆಕ್ಷನ್ ಹಾಕಿಸಿಕೊಂಡಿದ್ದ. ಎಂಟೋ ಒಂಬತ್ತೋ ಆಗುವಷ್ಟರಲ್ಲಿ ಅವನ ಎರಡೂ ಕಾಲಿನ ಸ್ವಾಧೀನ ಹೋಯಿತು. ಆ ಲಸಿಕೆಯಿಂದ ಅಪರೂಪಕ್ಕೆ ಹೀಗಾಗುತ್ತದೆಂದು ನಾನು ಓದಿದ್ದೆ. ಅವನ ಕಡೆಯವರು ಬಂದು ಎತ್ತಿಕೊಂಡು ಹೋದರು. ಕಚ್ಚಿದ್ದ ನಾಯಿ ಅವನ ಮೇಸ್ತ್ರಿಯದು, ಅದನ್ನು ಯಾರೂ ಕೊಂದಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅದು ಕ್ವಾರಿಯಲ್ಲಿ ಓಡಾಡುವುದನ್ನು ನಾನೇ ಕಂಡೆ. ನೋಟ್‌ಬುಕ್ಕಿನಲ್ಲಿ ಅವನಿಗೆಂದು ಒಂದು ಸಾಲು ಬಿಟ್ಟಿದ್ದೆ. ಅದನ್ನು ತುಂಬಲಿಲ್ಲ.

ಹೀಗಿರುವಾಗ ಅವಲಪಲ್ಲಿಯ ನಮ್ಮ ಮನೆಯ ಪಕ್ಕದವರ ನಾಯಿ ನಮ್ಮಮ್ಮನಿಗೇ ಕಚ್ಚಿತು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಅಮ್ಮ ಬಸ್ಸು ಹತ್ತಿ ಅಜ್ಜಿಯ ಮನೆಗೆ ಹೋಗಿ ಮದ್ದು ಕುಡಿದು ಬಂದಾಗಿತ್ತು. ಭಾನುವಾರವಲ್ಲದಿದ್ದರೂ ಡಾಕ್ಟರ ತಾಯಿಯೆಂದು ಕೊಟ್ಟಳಂತೆ.

"ಮನೇಲೇ ಡಾಕ್ಟ್ರು ಮಗ ಇದ್ದೀನಲ್ಲಮ್ಮ" ಎಂದೆ.

"ನೀನು ಜ್ವರಕ್ಕೆ ಕಣ್ಲಾ. ಇದು ಬ್ಯಾರೆ" ಎಂದಳು ಅಮ್ಮ. "ಎಷ್ಟ್ ಚಂದಾಗಿ ಗಾಯ ತೊಳುದ್ಲು ಗೊತ್ತಾ? ಅರ್ಧ ಗಂಟೆ ಬಗ್ಗೇ ಇದ್ಲು."

ಅಮ್ಮ ಓದಿಸಿದ್ದು ನನ್ನನ್ನು, ನಂಬಿದ್ದು ಅವಳನ್ನು. ಆಸ್ಪತ್ರೆಯಲ್ಲಿ ಗಾಯಕ್ಕೆ ನನ್ನ ಕಾಂಪೌಂಡರ್ ಟಿಂಚರ್ ಸವರಿ ಅರ್ಧ ನಿಮಿಷದಲ್ಲಿ ಕಳಿಸಿಬಿಡುತ್ತಿದ್ದ. ಆಕೆ ಮಾಡಿದ್ದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವಂಥದು ಆ ತೊಳೆಯುವುದೇ ಎಂದು ನನಗೆ ಗೊತ್ತಿತ್ತು. ಅಮ್ಮನಿಗೆ ಅದನ್ನೂ ಹೇಳಲಿಲ್ಲ.

ಇಂಜೆಕ್ಷನ್ನಿಗೆ ಅಮ್ಮ ಸುತರಾಂ ಒಪ್ಪಲಿಲ್ಲ. ಕೊನೆಗೆ ಒಂದು ಮಾತಾಯಿತು. ನಾಯಿಯನ್ನು ಕೊಲ್ಲಬಾರದು, ಹತ್ತು ದಿನ ಕಟ್ಟಿಹಾಕಿ ನಾನು ನೋಡಬೇಕು. ಅದಕ್ಕೆ ಏನಾದರೂ ಆದರೆ ಅವತ್ತೇ ಅಮ್ಮ ನನ್ನ ಸೂಜಿಗೆ ಹೊಟ್ಟೆ ಕೊಡಬೇಕು. ದೊಣ್ಣೆ ಹಿಡಿದು ನಿಂತಿದ್ದ ಪಕ್ಕದವರ ಕೈಕಾಲು ಹಿಡಿದು ಆ ಕಂದು ನಾಯಿಯನ್ನು ಉಳಿಸಿಕೊಂಡೆ. ಜೀವಮಾನದಲ್ಲಿ ನಾನು ಯಾವ ರೋಗಿಯನ್ನೂ ಅಷ್ಟು ಶ್ರದ್ಧೆಯಿಂದ ನೋಡಿಕೊಂಡಿಲ್ಲ. ಬೆಳಗ್ಗೆ ಸಂಜೆ ಕೋಲಿನ ತುದಿಯಿಂದ ತಟ್ಟೆ ತಳ್ಳಿ ಮುದ್ದೆ ಹಾಕುತ್ತಿದ್ದೆ, ನೀರು ಕುಡಿಯಿತೇ ನೋಡುತ್ತಿದ್ದೆ, ಬರೆದುಕೊಳ್ಳುತ್ತಿದ್ದೆ.

ಏಳನೆಯ ದಿನ ಬೆಳಗ್ಗೆ ನಾಯಿ ಮುದ್ದೆ ಮೂಸಿ ಮುಖ ತಿರುಗಿಸಿತು. ನೀರನ್ನೂ ಮುಟ್ಟಲಿಲ್ಲ. ನನಗೆ ಮೊದಲು ಆದದ್ದು ಸಂತೋಷ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಈಗ ಗೊತ್ತಾಗುತ್ತದೆ ಅವಳ ಬಂಡವಾಳ, ಎಂದುಕೊಂಡೆ. ನಾಯಿಗೆ ಹುಚ್ಚಿದ್ದರೆ ಸಾಯುವುದು ಯಾರು ಎಂಬುದು ಅದರ ಹಿಂದೆಯೇ ತಲೆಗೆ ಬಂತು. ಓಡಿದೆ. ಅಮ್ಮ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಯಾಕ್ಲಾ ಹಿಂಗ್ ಬೆವ್ತಿದ್ದೀ?" ಎಂದಳು.

ನಾಯಿಗೆ ಏನೂ ಆಗಿರಲಿಲ್ಲ. ಹಿಂದಿನ ದಿನ ಪಕ್ಕದ ಮನೆಗೆ ನೆಂಟರು ಬಂದು, ಉಳಿದ ಬಾಡೂಟವನ್ನೆಲ್ಲ ಅದಕ್ಕೆ ಹಾಕಿದ್ದರು. ಸಂಜೆಗೆ ಅದು ಮತ್ತೆ ಬಾಲ ಅಲ್ಲಾಡಿಸುತ್ತ ನಿಂತಿತ್ತು.

ಹತ್ತು ದಿನ ಮುಗಿದ ಮೇಲೆ ಅಮ್ಮ ಎಲೆ ಅಡಿಕೆ ತೆಗೆದುಕೊಂಡು ಅಜ್ಜಿಯ ಮನೆಗೆ ಹೊರಟಳು. ನನ್ನನ್ನೂ ಎಳೆದುಕೊಂಡು ಹೋದಳು. ಊರೆಲ್ಲ ಸುತ್ತಿದ್ದ ನಾನು ಆ ಮನೆಯ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಜ್ಜಿ ಎಲೆ ಅಡಿಕೆಗೆ ಕೈ ಚಾಚುವ ಮೊದಲು, "ನಾಯಿ ಏನಾತವ್ವ?" ಎಂದು ಕೇಳಿದಳು.

"ಚೆನ್ನಾಗೈತೆ. ನನ್ ಮಗ್ನೇ ಹತ್ತು ದಿನ ಮುದ್ದೆ ಹಾಕಿ ಸಾಕ್ದ."

"ಹಂಗಾದ್ರೆ ಈ ವೀಳ್ಯ ನಂಗ್ಯಾಕೆ? ಅದಕ್ಕೆ ಹುಚ್ಚಿರ್ಲಿಲ್ಲ. ನನ್ ಮದ್ದು ಏನೂ ಮಾಡ್ಲಿಲ್ಲ ತಗೋ."

ಅಜ್ಜಿ ನನ್ನ ಕಡೆ ತಿರುಗಿ, "ಊರೂರ್ ತಿರುಗಿ ಬರ್ಕೊಂಡ್ರಂತೆ. ನನ್ನ ಯಾಕೆ ಕೇಳ್ಲಿಲ್ಲ ಡಾಕ್ಟ್ರಪ್ಪ?" ಎಂದಳು. "ಹುಚ್ಚುನಾಯೀನೇ ಕಚ್ಚಿದೋರು ನಂಗ್ ಗೊತ್ತಿದ್ದಂಗೆ ಇಬ್ರು ಬಂದಿದ್ರು. ಒಂದು ಹೆಣ್ ಕೂಸು, ಒಬ್ಬ ಗಾಡಿ ಹೊಡ್ಯೋನು. ಮೂರು ಭಾನ್ವಾರನೂ ಕುಡ್ಸ್ದೆ. ಇಬ್ರೂ ಹೋಗ್ಬುಟ್ರು. ಕೇಳಿದ್ರೆ ಹೇಳ್ತಿದ್ದೆ."

ಆಕೆಯ ಮನೆಮುಂದಿನ ಜನಸಂದಣಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಆಗ ಹುಟ್ಟಿದ ಹೊಟ್ಟೆಕಿಚ್ಚಿನ ಮುಂದೆ ಏನೂ ಅಲ್ಲ. ತನ್ನ ಸೋಲನ್ನು ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂದು ಮೈಯೆಲ್ಲ ಉರಿಯಿತು. ಅಮ್ಮ ಆಕೆಯ ಮುಖವನ್ನೇ ನೋಡುತ್ತಿದ್ದಳು. ನನ್ನನ್ನು ಅಮ್ಮ ಯಾವತ್ತೂ ಹಾಗೆ ನೋಡಿದ್ದಿಲ್ಲ.

"ನಮ್ಮತ್ತೆ ಕಲ್ಸಿದ್ದು ಇದು. ಬಂದೋರ್ನ ಹೆಂಗೆ ಇಲ್ಲ ಅಂತ ಕಳ್ಸಾದು?" ಎಂದಳು ಅಜ್ಜಿ. "ನಿಮ್ ಸೂಜೀನೇ ವಾಸಿ ಅಂದ್ರೆ ಅಲ್ಲಿಗೇ ಕಳ್ಸ್ತೀನಿ. ಅದ್ರಿಂದ ಯಾರ್ಗಾನ ಏನಾನ ತೊಂದ್ರೆ ಆಗೈತಾ?"

ಅಮ್ಮ ಈಗ ನನ್ನ ಕಡೆ ನೋಡಿದಳು.

"ಯಾರಿಗೂ ಏನೂ ಆಗಿಲ್ಲ ಅಜ್ಜಿ" ಎಂದೆ.

ಆಕೆ ತಲೆಯಾಡಿಸಿ ಎಲೆ ಅಡಿಕೆಯನ್ನು ಅಮ್ಮನ ಕೈಗೇ ವಾಪಸು ಕೊಟ್ಟಳು. ಬಸ್ಸಿನಲ್ಲಿ ಅಮ್ಮ ನನ್ನ ಭುಜಕ್ಕೆ ಒರಗಿಕೊಂಡು ಕೂತಿದ್ದಳು.

ಮುಂದಿನ ಸೋಮವಾರ ನಾನು ಆಸ್ಪತ್ರೆಗೆ ಹೋದಾಗ ಜಗಲಿಯ ಮೇಲೆ ಜನ ಸಾಲಾಗಿ ಕೂತಿದ್ದರು. ಕಾಂಪೌಂಡರ್, "ಎಲ್ಲಾ ನಾಯ್ ಕಡೀನೇ ಸಾರ್" ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಖುಷಿಯಿಂದ ಹೇಳಿದ. ಮೊದಲು ಒಳಗೆ ಬಂದ ಹೆಂಗಸು ಬೆಂಚಿನ ಮೇಲೆ ಮಲಗಿ, ಸೂಜಿ ನೋಡಿ ಕಣ್ಣು ಮುಚ್ಚಿಕೊಂಡಳು.

"ಇದ್ರಿಂದ ಏನೂ ಆಗಲ್ಲಂತಲ್ಲ ಸಾರ್. ಅಜ್ಜಿ ಹೇಳಿದ್ಲು, ಡಾಕ್ಟ್ರು ಎಲ್ಲಾನೂ ಬರ್ದಿಟ್ಕೊಂಡವ್ರೆ, ಸುಳ್ ಹೇಳಲ್ಲ ಅಂತ."

ನಾನು ಹೊಕ್ಕುಳ ಪಕ್ಕದ ಚರ್ಮವನ್ನು ಸ್ಪಿರಿಟ್‌ನಲ್ಲಿ ಒರೆಸಿದೆ.