ಅಬ್ಬಾಸ್ ಅಂಕಲ್‌ರ ಮಳೆಗಾಲ

ಹಿಲ್ಸ್‌ಬರೋದಲ್ಲಿ ನಾನು ದಿನಸಿಗೆ ಹೋಗುವ ಅಂಗಡಿಯ ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಒಂದು ಬಡಕಲು ಮರವಿದೆ. ವರ್ಷವಿಡೀ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನಾನಂತೂ ಒಮ್ಮೆ ಕಾರು ರಿವರ್ಸ್ ಮಾಡುವಾಗ ಅದಕ್ಕೆ ಗುದ್ದಿ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ್ದೆ. ಏಪ್ರಿಲ್ ಬಂದರೆ ಮಾತ್ರ ಎಲೆ ಮೂಡುವ ಮೊದಲೇ ಅದಕ್ಕೆ ಮೈತುಂಬ ಬಿಳಿ ಹೂ. ಮೊನ್ನೆ ಅದನ್ನು ನೋಡಿ, ಕೈಯಲ್ಲಿ ಚೀಲ ಹಿಡಿದವಳು ಹಾಗೇ ನಿಂತುಬಿಟ್ಟೆ. ಇಲ್ಲಿಯವರು ಅದನ್ನು ಶ್ಯಾಡ್ ಬುಷ್ ಎನ್ನುತ್ತಾರೆ. ಶ್ಯಾಡ್ ಒಂದು ಮೀನು. ಸಾಲ್ಮನ್ನಿನ ಹಾಗೆ ಇದೂ ನದಿಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಹುಟ್ಟಿದ ನದಿಗೇ ತಿರುಗಿ ಬರುತ್ತದೆ. ಈ ಹೂ ಬಿಟ್ಟಾಗ ಅದು ಹಡ್ಸನ್ ನದಿ ಹತ್ತುತ್ತದೆ ಎಂದು ನನಗೆ ಹೇಳಿದವರು ಅಬ್ಬಾಸ್ ಅಂಕಲ್.

ಆಗ ನಾವು ಹಡ್ಸನ್ ದಡದ ಫೋರ್ಟ್ ಲೀಯಲ್ಲಿದ್ದೆವು. ಅವರೂ ಜೊಹರಾ ಆಂಟಿಯೂ ನಮ್ಮ ಎದುರಿನ ಅಪಾರ್ಟ್‌ಮೆಂಟಿನವರು. ಅಂಕಲ್ ಮ್ಯಾನ್‌ಹಟನ್ನಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದರು. ಆದರೆ ಪರಿಚಯ ಹೇಳಿಕೊಳ್ಳುವಾಗ ಬ್ಯಾಂಕಿನ ಮಾತು ಕೊನೆಗೆ ಬರುತ್ತಿತ್ತು. ಮೊದಲು, "ನಮ್ಮದು ಉಳ್ಳಾಲ. ತಂದೆಯವರಿಗೆ ದೋಣಿ ಇತ್ತು" ಎನ್ನುವರು. ಮೈಸೂರಿನ ನನಗೆ ಮೀನೆಂದರೆ ಕೆರೆಮೀನು. ಕಡಲಮೀನಿನ ಮುಳ್ಳು ಬಿಡಿಸುವುದನ್ನು ಅವರ ಮನೆಯ ಊಟದ ಮೇಜಿನಲ್ಲೇ ಕಲಿತೆ.

ಅವರದೊಂದು ವ್ರತವಿತ್ತು. ಜೂನ್, ಜುಲೈನಲ್ಲಿ ಅವರ ಮನೆಗೆ ಹಸಿಮೀನು ಬರುತ್ತಿರಲಿಲ್ಲ. ಒಣಮೀನಿನ ಸಾರು, ಒಣಸಿಗಡಿ ಚಟ್ನಿ, ಅಷ್ಟೇ. ಹೊರಗೆ ರಸ್ತೆಯ ಟಾರು ಅಂಟುವಷ್ಟು ಬಿಸಿಲು. "ಇಲ್ಲಿ ಮಳೆಗಾಲಾನೇ ಇಲ್ವಲ್ಲ ಅಂಕಲ್" ಎಂದು ನಾನು ಕಾಲೆಳೆಯುತ್ತಿದ್ದೆ. ಅವರು ನಗುತ್ತಿರಲಿಲ್ಲ.

"ಮಳೆಗಾಲದಲ್ಲಿ ಮೀನು ಮೊಟ್ಟೆ ಇಡ್ತದೆ ಮಾರಾಯ್ತಿ. ಬಸುರಿಯನ್ನು ಹಿಡಿಯಬಾರದು. ದೋಣಿ ದಡಕ್ಕೆ ಹಾಕಿ ಎರಡು ತಿಂಗಳು ಹಸಿದರೂ ನಮ್ಮ ತಂದೆ ಬಲೆ ಮುಟ್ತಿರಲಿಲ್ಲ."

ಇಲ್ಲಿಯ ಸ್ವಾತಂತ್ರ್ಯದಿನವಾದ ಜುಲೈ ನಾಲ್ಕರ ಪಾರ್ಟಿಯಲ್ಲಿ ಯಾರೋ ಸುಟ್ಟ ಸಾಲ್ಮನ್ ಬಡಿಸಲು ಬಂದರೆ ತಟ್ಟೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಆ ಅಂಗೈಯನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ಗೌರವವೂ ಮೂಡುತ್ತಿತ್ತು.

ಆಮೇಲೆ ಬ್ಯಾಂಕುಗಳು ಮುಳುಗಿದ ಆ ಚಳಿಗಾಲ. ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ವಾರದ ದಿನಗಳಲ್ಲೂ ಮಟಮಟ ಮಧ್ಯಾಹ್ನ ಗಂಡಸರು ಕಾಣತೊಡಗಿದರು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅಬ್ಬಾಸ್ ಅಂಕಲ್‌ಗೂ ಲೇಆಫ್ ಆಯಿತು. ಸ್ವಲ್ಪ ದಿನ ಕಿಟಕಿ ಪಕ್ಕ ಕೂತು, ಮ್ಯಾನ್‌ಹಟನ್ನಿಗೆ ಸೇತುವೆ ದಾಟುವ ಬಸ್ಸುಗಳನ್ನು ನೋಡುತ್ತಿದ್ದರು. ವಸಂತ ಬಂದಾಗ, ಹಿಂದೆ ಬಸ್ಸಿಗೆ ಹೊರಡುತ್ತಿದ್ದ ಹೊತ್ತಿಗೇ, ಇಸ್ತ್ರಿ ಹಾಕಿದ ಶರಟು ತೊಟ್ಟು ನದಿಗೆ ಇಳಿಯತೊಡಗಿದರು. ಅಲ್ಲಿ ಸೇತುವೆಯ ಕೆಳಗೆ ಜೋ ಎಂಬ ಮುದುಕ ನೀರಿನಲ್ಲಿ ಕಂಬ ನೆಟ್ಟು ಶ್ಯಾಡ್‌ಗೆ ಬಲೆ ಕಟ್ಟುತ್ತಿದ್ದ. ಅಂಕಲ್ ಅವನ ದೋಣಿ ಹತ್ತಿ ಬಲೆ ಎಳೆದುಕೊಟ್ಟು, ಕೂಲಿಗೆಂದು ಎರಡು ಮೀನು ತರುತ್ತಿದ್ದರು. ಬರುವಾಗ ಎದೆ ಮುಂದಾಗಿರುತ್ತಿತ್ತು. ಕೆಲಸ ಹೋದವರಿಗೆ ತಾವು ಯಾರು ಎನ್ನುವುದಕ್ಕೊಂದು ಉತ್ತರ ಬೇಕಾಗುತ್ತದೆ. ಅವರಿಗೆ ಅದು ಸಿಕ್ಕಿತ್ತು.

ಆ ಮೀನಿನ ರುಚಿಯೆಲ್ಲ ಮೊಟ್ಟೆಯಲ್ಲಿ. ಹೊಟ್ಟೆ ಸೀಳಿದರೆ ಎರಡು ದಪ್ಪ ಕೆಂಪು ಚೀಲಗಳು. ಜೊಹರಾ ಆಂಟಿ ಅದಕ್ಕೆ ಖಾರ, ಹುಣಸೆ ಹಚ್ಚಿ ತೆಂಗಿನೆಣ್ಣೆಯಲ್ಲಿ ಹುರಿಯುತ್ತಿದ್ದರು. ವಾಸನೆಗೇ ನಮ್ಮ ಮನೆಯ ಬಾಗಿಲು ತೆರೆದುಕೊಳ್ಳುತ್ತಿತ್ತು. ಅಂಕಲ್ ಅದನ್ನು ನಮ್ಮ ಮಕ್ಕಳ ತಟ್ಟೆಗೆ ಮೊದಲು ಹಾಕಿ, "ಈಗ ತಿನ್ನಿ. ಜೂನ್ ಬಂದ್ರೆ ಇಲ್ಲ" ಎನ್ನುವರು. ನಾವು ತಿಂದೆವು. ಬಸುರಿಯ ಮಾತು ಅಲ್ಲಿ ಯಾರಿಗೂ ನೆನಪಾಗಲಿಲ್ಲ, ನನಗೂ.

ಮರುವರ್ಷ ಹೂ ಬಿಟ್ಟಾಗ ಅಂಕಲ್ ನದಿಗೆ ಹೋದವರು ಬರಿಗೈಯಲ್ಲಿ ಬಂದರು. ಶ್ಯಾಡ್ ತೀರಾ ಕಡಿಮೆಯಾಗಿದೆ, ಹಡ್ಸನ್‌ನಲ್ಲಿ ಇನ್ನು ಅದನ್ನು ಬಲೆಯಲ್ಲೂ ಗಾಳದಲ್ಲೂ ಹಿಡಿಯುವಂತಿಲ್ಲ ಎಂದು ನಿಯಮ ಬಂದಿತ್ತು. ಜೋ ಕಂಬಗಳನ್ನೇ ನೆಟ್ಟಿರಲಿಲ್ಲ. ನಾನು ಸರ್ಕಾರವನ್ನು ಬಯ್ಯಲು ಬಾಯಿ ತೆರೆದೆ. ಅಂಕಲ್ ಕೈ ಎತ್ತಿ ತಡೆದರು; ಪಾರ್ಟಿಯಲ್ಲಿ ತಟ್ಟೆಗೆ ಅಡ್ಡ ಹಿಡಿಯುತ್ತಿದ್ದ ಅದೇ ಅಂಗೈ.

"ಜೋ ಹತ್ರ ಕೇಳಿದೆ, ಮೊಟ್ಟೆ ಇಡೋದು ಯಾವಾಗ ಅಂತ. ಇದೇ ಈಗ ಅಂತೆ. ಏಪ್ರಿಲ್, ಮೇ. ನದಿಗೆ ಬರೋದೇ ಅದಕ್ಕಂತೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಜೊಹರಾ ಆಂಟಿಗೆ ಆಗಿತ್ತು; ಒಲೆ ಆರಿಸಿ ಬಂದು ಅವರ ಪಕ್ಕ ಕೂತರು.

"ಊರಲ್ಲಿ ಮಳೆಗಾಲದಲ್ಲಿ ಇಡ್ತವೆ, ಇಲ್ಲಿಯೂ ಹಾಗೇ ಅಂತ ಇದ್ದೆ. ಕಣ್ಣೆದುರೇ ಇತ್ತಲ್ಲ, ಸೀಳಿದ್ದು ನಾನೇ ಅಲ್ವಾ? ಇಷ್ಟು ವರ್ಷ ತಪ್ಪು ತಿಂಗಳಲ್ಲಿ ಉಪವಾಸ ಮಾಡಿದೆ ಮಾರಾಯ್ತಿ" ಎಂದರು ಅಂಕಲ್.

"ನಿಮ್ಮ ಎರಡು ಮೀನಿಂದ ಏನಾಗುತ್ತೆ ಅಂಕಲ್? ಕಡಲಲ್ಲಿ ದೊಡ್ಡ ದೊಡ್ಡ ಹಡಗಿನವರು ಬಾಚ್ತಾ ಇದಾರೆ."

"ಎರಡಾ? ಒಂದೊಂದರ ಹೊಟ್ಟೆಯಲ್ಲಿ ಎಷ್ಟಿತ್ತು, ನೀನೂ ನೋಡಿದ್ದೀಯಲ್ಲ."

ನೋಡಿದ್ದೆ. ಇನ್ನೊಂದು ತುಂಡು ಹಾಕಿ ಎಂದು ತಟ್ಟೆ ಮುಂದೆ ಮಾಡಿಯೂ ಇದ್ದೆ. ಬ್ಯಾಂಕು ಕೈಬಿಟ್ಟಾಗಲೂ ಆ ಮನುಷ್ಯ ಇಷ್ಟು ಕುಗ್ಗಿರಲಿಲ್ಲ.

ಮುಂದೆ ಅವರಿಗೆ ದೂರದ ಪಿಸ್ಕಾಟವೇಯಲ್ಲಿ ಸಣ್ಣ ಕೆಲಸ ಸಿಕ್ಕಿತು. ಅಲ್ಲಿಗೆ ಕಮ್ಯೂಟ್ ಮಾಡುತ್ತ ದಣಿದರೂ, ಏಪ್ರಿಲ್ ಬಂದರೆ ಭಾನುವಾರಗಳಂದು ಸೇತುವೆಯ ಕೆಳಗೆ ಹೋಗಿ ನಿಲ್ಲುವುದನ್ನು ಬಿಡಲಿಲ್ಲ. ಬೇರೆ ಮೀನಿಗೆ ಗಾಳ ಹಾಕುವವರನ್ನೆಲ್ಲ, ಶ್ಯಾಡ್ ಬಂತಾ ಎಂದು ಕೇಳುವರು. "ತಿನ್ನಲಿಕ್ಕಲ್ಲ. ಬಂತು ಅಂತ ಗೊತ್ತಾದ್ರೆ ಸಾಕು" ಎನ್ನುತ್ತಿದ್ದರು. ಗೊತ್ತಾಗಲಿಲ್ಲ. ಅಂಕಲ್ ಈಗ ಇಲ್ಲ. ನಿಯಮ ಇನ್ನೂ ಇದೆ.

ಮೊನ್ನೆ ಹೂ ನೋಡಿ ಒಳಗೆ ಹೋದರೆ, ಮೀನಿನ ಕೌಂಟರಿನಲ್ಲಿ ಐಸಿನ ಮೇಲೆ ಶ್ಯಾಡ್ ಮೊಟ್ಟೆಯ ಆ ಕೆಂಪು ಚೀಲಗಳು. ಬೇರೆ ಯಾವುದೋ ನದಿಯವು. ಅಲ್ಲಿ ಹಿಡಿಯಲು ಅಡ್ಡಿಯಿಲ್ಲವಂತೆ. ಬಾಯಲ್ಲಿ ನೀರೂರಿದ್ದು ಸುಳ್ಳಲ್ಲ. ಅಲ್ಲೇ ನಿಂತು ಜೊಹರಾ ಆಂಟಿಗೆ ಫೋನ್ ಮಾಡಿದೆ.

"ಏನಡುಗೆ ಆಂಟಿ?"

"ಒಣಮೀನು. ಏಪ್ರಿಲ್ ಅಲ್ವಾ" ಎಂದರು.

ಎಷ್ಟು ಬೇಕು ಎಂದು ಕೌಂಟರಿನ ಹುಡುಗಿ ಕೇಳಿದಳು. ನಾನು ಅಂಗೈ ಅಡ್ಡ ಹಿಡಿದೆ. ಹೊರಗೆ ಬಂದರೆ ಒಳ್ಳೆಯ ಬಿಸಿಲು. ನಮಗೆ ಮಳೆಗಾಲ ಶುರುವಾಗಿತ್ತು.