ಬಸಣ್ಣನ ಹಿಂದಿನ ಸೀಟು

ಬಸಣ್ಣನವರ ಮುಖಕ್ಕಿಂತ ಅವರ ಬೆನ್ನು ನನಗೆ ಹೆಚ್ಚು ಪರಿಚಯ. ಆರು ವರ್ಷ, ವಾರಕ್ಕೆ ಆರು ದಿನ, ಪುಣೆಯ ಬಿಬವೇವಾಡಿಯಿಂದ ಚಾಕಣದವರೆಗೆ ನಾನು ಆ ಬೆನ್ನಿನ ಹಿಂದೆ ಕೂತಿದ್ದೇನೆ. ಬಲ ಭುಜ ಎಡ ಭುಜಕ್ಕಿಂತ ಒಂದು ಬೆರಳು ಕೆಳಗೆ. ಹೆಲ್ಮೆಟ್ಟು ಮುಗಿದು ಕಾಲರು ಶುರುವಾಗುವ ಜಾಗದಲ್ಲಿ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ. ಸಿಟ್ಟು ಬಂದರೆ ಆ ಬೆನ್ನು ನೆಟ್ಟಗಾಗುತ್ತಿತ್ತು. ಸಂತೋಷವಾದರೂ ನೆಟ್ಟಗಾಗುತ್ತಿತ್ತು. ಯಾವುದು ಸಿಟ್ಟು, ಯಾವುದು ಸಂತೋಷ ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಪೂರ್ತಿ ಹೆಸರು ಬಸಲಿಂಗಪ್ಪ. ಸಿಂದಗಿ ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯರು, ಹೆಂಡತಿ ತೀರಿಕೊಂಡ ಮೇಲೆ ಬಿಬವೇವಾಡಿಯಲ್ಲಿ ನಮ್ಮ ಹಿಂದಿನ ಗಲ್ಲಿಯಲ್ಲಿ ಒಬ್ಬರೇ ಇದ್ದರು. ಚಾಕಣದಲ್ಲಿ ಕಾರುಗಳಿಗೆ ರಬ್ಬರ್ ಬುಷ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವರು ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದರು, ನಾನು ಅಲ್ಲೇ ಸ್ಟೋರಿನಲ್ಲಿ ಕ್ಲಾರ್ಕು. ಕಂಪನಿಯ ಬಸ್ಸು ಎಂಬುದು ದೊಡ್ಡ ಕಾರ್ಖಾನೆಯವರಿಗೆ, ನಮಗಲ್ಲ.

ನನ್ನದೂ ಒಂದು ಮೋಟರ್‌ಸೈಕಲ್ ಇತ್ತು. ಸಿಟಿ ಬಸ್ಸಿಗೂ ಡಿವೈಡರಿಗೂ ನಡುವೆ ನನ್ನ ಗಾಡಿ ಹೋಗುವಷ್ಟು ಜಾಗವಿದೆ ಎಂದು ನಾನು ನಂಬಿದ ದಿನ ಗಾಡಿಯೂ ಹೋಯಿತು, ಎಡಗಾಲಿನ ಎಲುಬೂ ಹೋಯಿತು. ಕಾಲಲ್ಲಿ ರಾಡು ಹಾಕಿಸಿಕೊಂಡು ಮನೆಗೆ ಬಂದ ದಿನ ನನ್ನ ಹೆಂಡತಿ ಸಾವಿತ್ರಿ ಮೂರು ವರ್ಷದ ಮಗಳನ್ನು ಎದುರಿಗೆ ತಂದು ನಿಲ್ಲಿಸಿದಳು. “ಇಕಿ ತಲಿ ಮ್ಯಾಲೆ ಕೈ ಇಟ್ಟು ಹೇಳ್ರಿ, ಇನ್ನ ಗಾಡಿ ಹೊಡ್ಯಾಂಗಿಲ್ಲ ಅಂತ” ಅಂದಳು. ಇಟ್ಟೆ. ದೇವರ ಆಣೆಯಾದರೆ ಒಂದು ಕಾಯಿ ಒಡೆಸಿ ತಪ್ಪಾಯಿತು ಅನ್ನಬಹುದು. ಮಗಳ ತಲೆ ಮುಟ್ಟಿ ಮಾಡಿದ ಆಣೆಯನ್ನು ಮುರಿಯುವ ಧೈರ್ಯ ನಮ್ಮ ಕಡೆಯವರಲ್ಲಿ ಯಾರಿಗೂ ಇಲ್ಲ.

ಮೆಟ್ರೋ ಆಗ ನಮ್ಮ ಹತ್ತಿರದ ಸ್ವಾರಗೇಟಿಗೆ ಬಂದಿರಲಿಲ್ಲ. ಮೂರು ಬಸ್ಸು ಬದಲಿಸಿ ಹೋಗಲು ಎರಡೂವರೆ ತಾಸು, ಬರಲು ಎರಡೂವರೆ ತಾಸು. ಎಂಟು ದಿನ ನಾನು ಕುಂಟುತ್ತ ಬಸ್ಸು ಹತ್ತುವುದನ್ನು ನೋಡಿ ಬಸಣ್ಣ ಒಂಬತ್ತನೆಯ ದಿನ ಮನೆಗೆ ಬಂದರು. “ಪಾಟೀಲ್ರ, ನನ್ನ ಹಿಂದ ಕೂಡ್ರಿ. ಆದ್ರ ನನ್ನ ಪದ್ಧತಿ ಪ್ರಕಾರ ಕೂಡಬೇಕು ನೋಡ್ರಿ” ಅಂದರು. ಬಸ್ಸಿನಿಂದ ಪಾರಾದೆನಲ್ಲ ಎಂಬ ಖುಷಿಯಲ್ಲಿ ನಾನು ಎರಡನೆಯ ವಾಕ್ಯವನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಪದ್ಧತಿ ಬೆಳಿಗ್ಗೆ ಆರಕ್ಕೆ ಶುರುವಾಗುತ್ತಿತ್ತು. ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ. ಎರಡೂ ಟಯರನ್ನು ಹೆಬ್ಬೆರಳಿನಿಂದ ಒತ್ತುವುದು, ಚೈನನ್ನು ಎತ್ತಿ ಸಡಿಲ ಎಷ್ಟಿದೆ ನೋಡುವುದು, ಬ್ರೇಕು ಹಿಡಿದು, ಹಿಂದೆ ದೀಪದ ಹತ್ತಿರ ನಿಂತ ನನ್ನನ್ನು “ಕೆಂಪ ಬಂತೇನ್ರಿ?” ಎಂದು ಕೇಳುವುದು. ಬಂತು ಅಂದರೆ ಸಾಲದು, ಮುಂದಿನ ಬ್ರೇಕಿಗೊಮ್ಮೆ, ಹಿಂದಿನ ಬ್ರೇಕಿಗೊಮ್ಮೆ ಬೇರೆ ಬೇರೆಯಾಗಿ ಹೇಳಬೇಕು. ಆಮೇಲೆ ನನ್ನ ಗದ್ದದ ಕೆಳಗೆ ಬೆರಳು ತೂರಿಸಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ಪರೀಕ್ಷೆ. ಹೀಗೆ ಮದುಮಗನಂತೆ ಸಿಂಗರಿಸಿಕೊಂಡು ನಾನು ಹಿಂದೆ ಏರಬೇಕು, ಅದೂ ಅವರು ಹೂಂ ಅಂದ ಮೇಲೆ. “ಹಿಂದ ಕುಂತಾಂವ ಮೂಟಿ ಅಲ್ಲರಿ, ಅರ್ಧಾ ಡ್ರೈವರ್” ಎನ್ನುವುದು ಅವರ ಮಾತು. ಅವರು ವಾಲಿದ ಕಡೆಗೇ ನಾನೂ ವಾಲಬೇಕು. ಮಾತಾಡಕೂಡದು. ತಿರುಗಿ ನೋಡಕೂಡದು.

ರಸ್ತೆಗಿಳಿದರೆ ಬೇರೆ ಕಷ್ಟ. ಮುಂದಿನ ಗಾಡಿಗೂ ತಮಗೂ ನಡುವೆ ಒಂದು ಎತ್ತಿನ ಬಂಡಿ ಹಿಡಿಸುವಷ್ಟು ಜಾಗ ಬಿಡಬೇಕು ಎಂದು ಅವರ ನಿಯಮ. ಪುಣೆಯಲ್ಲಿ ಅಷ್ಟು ಜಾಗ ಬಿಟ್ಟರೆ ಯಾರು ಸುಮ್ಮನಿರುತ್ತಾರೆ? ರಿಕ್ಷಾವೊಂದು ತೂರಿಕೊಳ್ಳುತ್ತಿತ್ತು. ಬಸಣ್ಣ ಆ ರಿಕ್ಷಾಕ್ಕೂ ಬಂಡಿಯಷ್ಟು ಜಾಗ ಬಿಟ್ಟು ಹಿಂದೆ ಸರಿಯುತ್ತಿದ್ದರು. ಆಗ ಮತ್ತೊಂದು ರಿಕ್ಷಾ. ಹೀಗೇ ನಡೆದರೆ ಚಾಕಣದ ಬದಲು ತಿರುಗಿ ಬಿಬವೇವಾಡಿಗೇ ಮುಟ್ಟುತ್ತೇವೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ. ಮುಂದೆ ಅವರ ಬೆನ್ನು, ಹಿಂದೆ ಊಟದ ಡಬ್ಬಿ ಕಟ್ಟಿದ ಕ್ಯಾರಿಯರು, ಎರಡೂ ಮಗ್ಗುಲಿಗೆ ಲಾರಿ. ನಡುವೆ ಮಂಡಿ ಮಡಚಿಕೊಂಡು, ರಾಡು ಹಾಕಿದ ಕಾಲು ಜೋಮು ಹಿಡಿದು, ತಾಸಿಗೆ ನಲವತ್ತು ಕಿಲೋಮೀಟರಿನಲ್ಲಿ ನಾನು. ಇಳಿದು ಹೋಗೋಣವೆಂದರೆ ಬಸ್ಸಿನ ನೆನಪು.

ಹಾರನ್ ಬಾರಿಸುತ್ತಿರಲಿಲ್ಲ. ಯಾಕೆಂದು ಒಮ್ಮೆ ಇಳಿದ ಮೇಲೆ ಕೇಳಿದೆ. “ಬ್ರೇಕೂ ನಮ್ದ, ಹಾರನ್ನೂ ನಮ್ದ. ಆದ್ರ ಎರಡರಾಗ ಬ್ರೇಕ್ ಒಂದ ನಮ್ಮ ಮಾತು ಕೇಳತದ್ರಿ. ಹಾರನ್ ಕೇಳಬೇಕಾದಾಂವ ಬ್ಯಾರೇದಾಂವ” ಅಂದರು. ಲಾರಿಯ ಪಕ್ಕದಲ್ಲಿ ಹೋಗುವಾಗ ಅದರ ಕನ್ನಡಿ ತೋರಿಸಿ, “ಆ ಕನ್ನಡ್ಯಾಗ ಡ್ರೈವರನ ಮಾರಿ ಕಾಣಲಿಲ್ಲಂದ್ರ ಅಂವನ ಲೆಕ್ಕದಾಗ ನಾವು ಹುಟ್ಟೇ ಇಲ್ಲ ಅಂತ ತಿಳೀಬೇಕು” ಅನ್ನುತ್ತಿದ್ದರು. ನಮ್ಮ ಕಾರ್ಖಾನೆಯ ಹುಡುಗರು ದಾರಿಯುದ್ದಕ್ಕೂ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬಂದು ಗೇಟಿನಲ್ಲಿ ಮಾತ್ರ ತಲೆಗೇರಿಸುವವರು. ಅವರನ್ನು ಕಂಡರೆ “ಅಂವನ ಮಿದುಳು ಅಲ್ಲೇ ಇರಬೇಕು ಬಿಡ್ರಿ” ಅಂದು ಸುಮ್ಮನಾಗುತ್ತಿದ್ದರು.

ಒಂದು ಜೂನಿನಲ್ಲಿ ಮೋಶಿ ದಾಟುತ್ತಿದ್ದಂತೆ ಮೊದಲ ಮಳೆ ಬಂತು. ಬಸಣ್ಣ ಗಾಡಿಯನ್ನು ಒಂದು ಅಂಗಡಿಯ ಮುಂದೆ ಹಾಕಿ ಇಳಿದೇಬಿಟ್ಟರು. ತಡವಾದರೆ ಅರ್ಧ ದಿನದ ಹಾಜರಿ ಹೋಗುತ್ತದೆ ಎಂದು ನಾನು ಗೋಗರೆದೆ. “ಮೊದಲನೇ ಮಳಿ ರಸ್ತಾದ ಎಣ್ಣಿ ಎಬ್ಬಸತದ್ರಿ. ಅರ್ಧಾ ತಾಸು ತೊಳಕೊಳ್ಳಲಿ” ಅಂದರು. ಇದು ಮನುಷ್ಯನೋ ನಿಯಮದ ಹಲಗೆಯೋ ಎಂದು ನಾನು ಕುದಿಯುತ್ತಿರುವಾಗಲೇ ನಮ್ಮೆದುರು ಒಂದರ ಹಿಂದೊಂದು ಮೂರು ಬೈಕು ಜಾರಿ ಬಿದ್ದವು. ಬಸಣ್ಣ ‘ನೋಡಿದಿರಾ’ ಅನ್ನಲಿಲ್ಲ. ಮಳೆಯಲ್ಲಿ ಓಡಿಹೋಗಿ ಮೂವರನ್ನೂ ಎಬ್ಬಿಸಿ, ಗಾಡಿಗಳನ್ನು ದೂಡಿ ಬದಿಗೆ ತಂದು, ಹಿಂದಿನಿಂದ ಬರುವವರಿಗೆ ಕೈ ಬೀಸುತ್ತ ನಡುರಸ್ತೆಯಲ್ಲಿ ತೊಯ್ದು ನಿಂತರು. ಅವತ್ತಿನಿಂದ ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು. ಅರ್ಧ ದಿನದ ಹಾಜರಿ ಮಾತ್ರ ಹೋಯಿತು.

ಆರನೆಯ ವರ್ಷದ ಮಳೆಗಾಲ ಮುಗಿಯುವಾಗ ಪದ್ಧತಿಗೆ ಹೊಸ ನಿಯಮವೊಂದು ಸೇರಿತು. “ಇನ್ನ ಎಡಗಡೆ ನೀವು ನೋಡ್ರಿ ಪಾಟೀಲ್ರ. ಏನರ ಬಂದ್ರ ನನ್ನ ಎಡ ಭುಜಾ ಮುಟ್ರಿ. ಅರ್ಧಾ ಡ್ರೈವರ್ ಅಂದ್ರ ಅರ್ಧಾ ರಸ್ತಾ ನೋಡಬೇಕಲ್ರಿ” ಅಂದರು. ನನಗೆ ಬಡ್ತಿ ಸಿಕ್ಕಷ್ಟು ಹೆಮ್ಮೆಯಾಯಿತು. ಹಸು ಬಂದರೆ ಮುಟ್ಟಿದೆ, ರಿಕ್ಷಾ ಬಂದರೆ ಮುಟ್ಟಿದೆ, ನಾಯಿ ಬಾಲ ಅಲ್ಲಾಡಿಸಿದರೂ ಮುಟ್ಟಿದೆ.

ದೀಪಾವಳಿಯ ಮುಂಚಿನ ವಾರ ಗೇಟಿನೆದುರಿನ ಟಪರಿಯಲ್ಲಿ ಚಹಾ ತಂದು ಅವರ ಎಡಮಗ್ಗುಲಿಗೆ ಬೆಂಚಿನ ಮೇಲಿಟ್ಟೆ. ಅವರು ಬಲಕ್ಕೆ ನೋಡಿದರು, ಮುಂದೆ ನೋಡಿದರು. “ಚಾ ಎಲ್ರೀ?” ಅಂದು ಎಡಗೈ ಊರಿದಾಗ ಗ್ಲಾಸು ಉರುಳಿ ಚಹಾ ಪ್ಯಾಂಟಿಗೆಲ್ಲ ಇಳಿಯಿತು. ಸಂಜೆ ಗಾಡಿ ನಿಲ್ಲಿಸುವಲ್ಲಿ ಸದ್ದಿಲ್ಲದೆ ಅವರ ಎಡಕ್ಕೆ ನಿಂತು ಹೆಲ್ಮೆಟ್ಟನ್ನು ಅವರ ಕಿವಿಯ ಹತ್ತಿರ ಚಾಚಿದೆ. ಅವರು ನನ್ನನ್ನು ಹುಡುಕುತ್ತ ಗೇಟಿನ ಕಡೆಗೇ ನೋಡುತ್ತಿದ್ದರು. ಡಬ್ಬಿಯ ಚೀಲದಲ್ಲಿ ಕಣ್ಣಿಗೆ ಹಾಕುವ ಹನಿಯ ಬಾಟಲಿಯನ್ನು ನಾನು ಮೊದಲೇ ಕಂಡಿದ್ದೆ. ಕೇಳಿದಾಗ “ಧೂಳಾ ಭಾಳ ಆಗೇದ್ರಿ” ಅಂದಿದ್ದರು.

ಮರುದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ರಸ್ತೆಯ ಶಿಸ್ತನ್ನೇ ದೇವರೆಂದು ನಂಬಿದ ಹಿರಿಯರಿಗೆ ‘ನಿಮಗೆ ಕಣ್ಣು ಕಾಣುವುದಿಲ್ಲ, ಗಾಡಿ ಬಿಡಿ’ ಎಂದು ಹೇಗೆ ಹೇಳುವುದು? ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ. ಅವರು ಗಾಡಿ ಬಿಟ್ಟರೆ ನನಗೆ ಮತ್ತೆ ಮೂರು ಬಸ್ಸು. ನಾನು ಹೊಡೆಯೋಣವೆಂದರೆ ಮಗಳ ತಲೆ. ಹಾಗಾಗಿ ಇಬ್ಬರದೂ ಸೇರಿ ಮೂರು ಕಣ್ಣಿವೆ, ಚಾಕಣಕ್ಕೆ ಸಾಕು ಎಂದು ಲೆಕ್ಕ ಹಾಕಿದೆ. ದಿನವೂ ಕುತ್ತಿಗೆ ನೋಯುವಷ್ಟು ಎಡಕ್ಕೆ ನೋಡುತ್ತಿದ್ದೆ. ಕಣ್ಣು ಮಿಟುಕಿಸಲೂ ಹೆದರಿಕೆ. ಸಾವಿತ್ರಿ “ಬಸಣ್ಣಾರ ಗಾಡಿ ಅಂದ್ರ ನನಗ ಚಿಂತೀನ ಇಲ್ಲ ನೋಡ್ರಿ” ಅಂದಾಗ ನಾನು ತಟ್ಟೆ ನೋಡುತ್ತ ಇನ್ನಷ್ಟು ಸಾರು ಕೇಳುತ್ತಿದ್ದೆ.

ಫೆಬ್ರುವರಿಯ ಒಂದು ಬೆಳಿಗ್ಗೆ ಚಾಕಣದ ಚೌಕದ ಹತ್ತಿರ, ರಸ್ತೆಯ ಆಚೆ ಬದಿಗೆ ಒಂದು ಲಾರಿ ಮಗುಚಿ ಬಿದ್ದಿತ್ತು. ಎಲ್ಲರಂತೆ ನಾನೂ ಬಲಕ್ಕೆ ತಿರುಗಿ ನೋಡಿದೆ. ಎಷ್ಟು ಹೊತ್ತು? ನಾಲ್ಕು ಉಸಿರಿನಷ್ಟು. ಅಷ್ಟರಲ್ಲಿ ಬಸಣ್ಣ ನಮ್ಮ ಕಾರ್ಖಾನೆಯ ದಾರಿಗೆ ಎಡಕ್ಕೆ ಹೊರಳಿಸಿದರು. ಕಿರುಚಿದ್ದು ಕೇಳಿತು. ನೀಲಿ ಯೂನಿಫಾರ್ಮಿನ ಒಬ್ಬ ಹೆಂಗಸು ಹಿಂದಕ್ಕೆ ಹಾರಿ ಬಿದ್ದಿದ್ದಳು, ಅವಳ ಡಬ್ಬಿ ಬಿಚ್ಚಿ ನಮ್ಮ ಮುಂದಿನ ಗಾಲಿಯ ಸುತ್ತ ಅನ್ನ ಚೆಲ್ಲಿತ್ತು. ಗಾಲಿಗೂ ಅವಳ ಪಾದಕ್ಕೂ ಗೇಣು ಅಂತರ. ಅವಳು ಎದ್ದು ಮೈ ಕೊಡವಿಕೊಂಡು “ಆಂಧಳಾ ಆಹೇಸ್ ಕಾ?” ಎಂದು ಕೂಗಿದಳು. ಕುರುಡನೇನೋ ಎಂಬ ಈ ಬೈಗುಳ ಪುಣೆಯ ರಸ್ತೆಯಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವಂಥದು, ಯಾರೂ ಉತ್ತರ ಕೊಡುವುದಿಲ್ಲ. ಬಸಣ್ಣ ಹೆಲ್ಮೆಟ್ಟು ತೆಗೆದು, ಅವಳ ಮುಖ ನೋಡಿ, “ಹೋ, ತಾಈ” ಅಂದರು. ಹೌದಮ್ಮ ಅಂದರು.

ತಮ್ಮ ಊಟದ ಡಬ್ಬಿ ಬಿಚ್ಚಿ ಅವಳ ಕೈಗಿತ್ತರು. ಅವಳು ಏನೂ ತೋಚದೆ ತೆಗೆದುಕೊಂಡು ಹೋದಳು. ಆಮೇಲೆ ಅವರು ಗಾಡಿಯನ್ನು ಬದಿಗೆ ತಂದು, ಇಂಜಿನ್ ಆರಿಸಿ, ಕೀಲಿ ತೆಗೆದು ನನ್ನ ಮುಂದೆ ಹಿಡಿದರು.

“ಇನ್ನ ನೀವು ಹೊಡೀರಿ.”

“ಬಸಣ್ಣಾರ, ನಂದು ಆಣಿ…”

“ಹೌದಲ್ರಿ. ಕೂಸಿನ ತಲಿ ಮ್ಯಾಲಿನ ಕೈ ಅದು. ಬ್ಯಾಡ.” ಕೀಲಿಯನ್ನು ಕಿಸೆಗೆ ಹಾಕಿಕೊಂಡರು.

ಒಬ್ಬನಿಗೆ ಹೊಡೆಯಲು ಬರುತ್ತದೆ, ಕಣ್ಣಿಲ್ಲ. ಇನ್ನೊಬ್ಬನಿಗೆ ಕಣ್ಣಿದೆ, ಹೊಡೆಯುವಂತಿಲ್ಲ. ಕಾರ್ಖಾನೆ ಎರಡು ಕಿಲೋಮೀಟರು. ಅವರು ಹ್ಯಾಂಡಲ್ ಹಿಡಿದರು, ನಾನು ಕುಂಟುತ್ತ ಹಿಂದಿನಿಂದ ದೂಡಿದೆ. ಬಿಸಿಲು ಏರುತ್ತಿತ್ತು. ದಾರಿಯಲ್ಲಿ ನಾಲ್ಕೈದು ಬೈಕಿನವರು ನಿಧಾನಿಸಿ, ಪೆಟ್ರೋಲು ಮುಗಿಯಿತೇ ಎಂದು, “ಪೆಟ್ರೋಲ್ ಸಂಪ್ಲಂ ಕಾ, ಕಾಕಾ?” ಎಂದು ಕೇಳಿದರು. “ಸಂಪ್ಲಂ, ಸಂಪ್ಲಂ” ಅಂದರು ಬಸಣ್ಣ. ಟ್ಯಾಂಕು ತುಂಬಿತ್ತು. ಆ ಧೂಳಿನ ಮಾತು ಬಿಟ್ಟರೆ ಬಸಣ್ಣ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಆವತ್ತು ಮಾತ್ರ. ಅವರ ಬೆನ್ನು ಬಾಗಿತ್ತು. ಅದನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

ಅದೇ ತಿಂಗಳು ಅವರು ಕೆಲಸ ಬಿಟ್ಟರು. ಎಡಗಣ್ಣಿನಲ್ಲಿ ಹೋದ ದೃಷ್ಟಿ ಮತ್ತೆ ಬರುವುದಿಲ್ಲವೆಂದು ಡಾಕ್ಟರು ಒಂದು ವರ್ಷದ ಹಿಂದೆಯೇ ಹೇಳಿದ್ದರಂತೆ. ಅವರ ಮಗಳು ಬಾರಾಮತಿಯಲ್ಲಿದ್ದಳು, ಅಳಿಯ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ. ಅಲ್ಲಿಗೆ ಹೊರಟರು. ಕಳಿಸಲು ನಾನು ಸ್ವಾರಗೇಟಿನ ಬಸ್ ಸ್ಟ್ಯಾಂಡಿಗೆ ಹೋದೆ. ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟೆ, ಚೀಲ ಮೇಲಿಟ್ಟೆ, ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ.

“ಪಾಟೀಲ್ರ, ಒಂದ ಮಾತು. ನಿಮಗ ಯಾವಾಗ ತಿಳೀತು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ದೀಪಾವಳಿ ಮುಂದ” ಅಂದೆ.

ಅವರು ತಲೆಯಾಡಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ದಿನಾ ಮುಂಜಾನೆ ಅನಕೋತಿದ್ದೆ ನೋಡ್ರಿ, ಇವತ್ತ ಪಾಟೀಲ್ರು ಕೂಡಾಕ ಒಲ್ಲೆ ಅಂದ್ರ ಗಾಡಿ ಬಿಟ್ಟಬಿಡೂಣು ಅಂತ. ನೀವು ದಿನಾ ಬಂದು ಕುಂತ್ರಿ. ಸಣ್ಣ ಮಗಳು ಇದ್ದ ಮನಶ್ಯಾ ಅಂಜದ ಕೂಡತಾನಂದ್ರ ನನ್ನ ಕಣ್ಣು ಇನ್ನೂ ನಡೀತದ ಅನಕೊಂಡ್ನಿ.”

ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ಹೊರಟಾಗ ಅವರು ಕೈ ಎತ್ತಿದರು. ನಾನು ನಿಂತದ್ದು ಅವರ ಎಡಗಡೆಗೆ, ಅವರಿಗೆ ಕಂಡೆನೋ ಇಲ್ಲವೋ ತಿಳಿಯದು. ನನ್ನ ಬಾಯಿಂದ ಬೇಡ ಎಂಬ ಒಂದು ಮಾತು ಬರಲೆಂದು ಆ ಮನುಷ್ಯ ಅಷ್ಟು ತಿಂಗಳು ಕಾದಿದ್ದರು. ನಾನು ಬಸ್ಸಿಗೆ ಅಂಜಿ, ದಿನವೂ ಏರಿ ಕೂತಿದ್ದೆ. ಅವರು ಬಾರಾಮತಿಯಲ್ಲಿ ಚೆನ್ನಾಗಿದ್ದಾರಂತೆ. ಎರಡು ಸಲ ಅವರೇ ಫೋನ್ ಮಾಡಿದರು, ನಾನು ಎತ್ತಲಿಲ್ಲ.