ಚಂದ್ರಾಮಪ್ಪನವರ ಯಂತ್ರವೂ ಶಾವಿಗೆಯ ಬಿಲ್ಲೆಯೂ

ಚಂದ್ರಾಮಪ್ಪನವರನ್ನು ಮೊದಲ ಸಲ ಕಂಡದ್ದು ೨೦೧೧ರ ನವೆಂಬರಿನ ಒಂದು ಬೆಳಿಗ್ಗೆ. ನಾಶಿಕದ ಬಳಿಯ ಓಝರಿನ ಕನ್ನಡ ಸಂಘದಿಂದ ರಾಜ್ಯೋತ್ಸವದ ಕರೆಯೋಲೆ ಹಿಡಿದು ನಾವಿಬ್ಬರು ಅವರ ಮನೆಗೆ ಹೋಗಿದ್ದೆವು. ಕರೆಯೋಲೆ ಕೊಟ್ಟು, ಚಹಾ ಕುಡಿದು ಎದ್ದು ನಿಂತದ್ದೇ ತಡ, ಚಂದ್ರಾಮಪ್ಪನವರು ಬಾಗಿಲಿಗೆ ಅಡ್ಡ ಬಂದರು.

"ಸಿಟ್ಟಾಗಬ್ಯಾಡ್ರಿ. ಒಂದು ಇಕ್ಕಳ ಕಮ್ಮಿ ಅದ. ಅದು ಸಿಗೋ ತನಕಾ ಯಾರೂ ಹೊರಗ ಹೋಗಂಗಿಲ್ರಿ."

ಅವರ ಹೆಂಡತಿ ರುಕ್ಮಿಣಿಬಾಯಿ ಒಳಗಿನಿಂದಲೇ ಕೂಗಿದರು: "ಬಂದ ಮಂದಿನ್ನ ಕಳ್ಳರನ್ನ ಮಾಡಬ್ಯಾಡ್ರಿ!"

ಕಳ್ಳತನದ ಅನುಮಾನ ಚಂದ್ರಾಮಪ್ಪನವರಿಗೆ ಕನಸಿನಲ್ಲಿಯೂ ಇರಲಿಲ್ಲ. ಆಳಂದದಿಂದ ಹುಡುಗರಾಗಿ ಬಂದು ಮೂವತ್ತನಾಲ್ಕು ವರ್ಷ ವಿಮಾನ ಕಾರ್ಖಾನೆಯಲ್ಲಿ ವಿದ್ಯುತ್ ತಂತಿ ಜೋಡಿಸಿದವರು ಅವರು. ವಿಮಾನದ ಹೊಟ್ಟೆಯನ್ನು ಮುಚ್ಚುವ ಮೊದಲು ಹತ್ಯಾರಗಳನ್ನೆಲ್ಲ ಎಣಿಸಬೇಕು. ಒಂದು ಕಡಿಮೆ ಬಿದ್ದರೂ ಅದು ಸಿಗುವ ತನಕ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ. ನಿವೃತ್ತರಾಗಿ ವರುಷ ಕಳೆದರೂ ಆ ರೂಢಿ ಮೈಯಿಂದ ಇಳಿದಿರಲಿಲ್ಲ. ಅರ್ಧ ಗಂಟೆಯ ಮೇಲೆ ಇಕ್ಕಳ ಹಪ್ಪಳದ ಡಬ್ಬಿಯ ಹಿಂದೆ ಸಿಕ್ಕಿತು. ಬಿಗಿಯಾಗಿದ್ದ ಮುಚ್ಚಳ ತೆಗೆಯಲು ರುಕ್ಮಿಣಿಬಾಯಿಯೇ ಅದನ್ನು ಒಯ್ದಿದ್ದರು.

ಆ ಹತ್ಯಾರಗಳೆಲ್ಲ ಬಾಲ್ಕನಿಯಲ್ಲಿದ್ದ ಯಂತ್ರದವು. ನಾಶಿಕದ ಹಳೆ ಸಾಮಾನಿನ ಬಜಾರಿನಿಂದ ಕಬ್ಬಿಣದ ಚೌಕಟ್ಟು, ಮೋಟರು, ತಿರುಪಿನ ಸರಳುಗಳನ್ನು ತಂದು, ಮಗಳು ಬಿಟ್ಟುಹೋದ ಹಳೆಯ ಕಂಪ್ಯೂಟರಿಗೆ ಜೋಡಿಸಿ, ಚಂದ್ರಾಮಪ್ಪನವರು ಒಂದು ಪುಟ್ಟ ಸಿಎನ್‌ಸಿ ಯಂತ್ರವನ್ನು ಕಟ್ಟಿದ್ದರು. ಕಂಪ್ಯೂಟರು ಹೇಳಿದ ಜಾಗದಲ್ಲಿ ಅದು ಲೋಹವನ್ನು ಕೊರೆಯುತ್ತದೆ. ಕಟ್ಟಲು ರುಕ್ಮಿಣಿಬಾಯಿ ಒಪ್ಪಿದ್ದಕ್ಕೆ ಒಂದು ಕಾರಣವಿತ್ತು. ಅವರ ತಾಯಿ ಭಾಗವ್ವ ಮದುವೆಯಲ್ಲಿ ಕೊಟ್ಟ ಶಾವಿಗೆ ಯಂತ್ರದ ಹಿತ್ತಾಳೆಯ ಬಿಲ್ಲೆ ಸವೆದುಹೋಗಿತ್ತು. ಅದರ ತೂತುಗಳಿಂದ ಶಾವಿಗೆಯ ಬದಲು ಸುತಳಿಯಂತಹ ದಪ್ಪ ಎಳೆಗಳು ಇಳಿಯುತ್ತಿದ್ದವು. "ಹೊಸಾ ಬಿಲ್ಲಿ ನಾ ಮಾಡಿ ಕೊಡ್ತೀನಿ" ಎಂದು ಚಂದ್ರಾಮಪ್ಪನವರು ಮಾತು ಕೊಟ್ಟಿದ್ದರು. ಆ ಮಾತಿಗೆ ಎರಡು ಬೇಸಿಗೆ ತುಂಬಿದವು.

ಒಂದು ಬಿಲ್ಲೆಗೆ ನೂರಾ ನಲವತ್ನಾಲ್ಕು ತೂತು. ಕೊರೆಯುವ ಬಿಟ್ ಸೂಜಿಯಷ್ಟು ಸಣ್ಣದು. ಅದನ್ನು ಹಿಡಿದು ತಿರುಗುವ ಸ್ಪಿಂಡಲು ನಿಮಿಷಕ್ಕೆ ಆರು ಸಾವಿರ ಸುತ್ತು ಬಿಡದೆ ತಿರುಗಬೇಕು. ವೇಗ ಕುಂದಿದರೂ ಯಂತ್ರ ಕೆಳಗೆ ಒತ್ತುತ್ತಲೇ ಇರುತ್ತದೆ, ಬಿಟ್ ಟಕ್ಕೆಂದು ಮುರಿಯುತ್ತದೆ. ವೇಗವನ್ನು ಕಾಯಲೆಂದು ಅವರು ಒಂದು ನಿಯಂತ್ರಕವನ್ನೂ ಕಟ್ಟಿದ್ದರು. ಸ್ಪಿಂಡಲಿನ ಮೇಲೆ ಒಂದು ಬಿಳಿಯ ಗೆರೆ, ಅದರ ಎದುರು ಒಂದು ಎಲೆಕ್ಟ್ರಾನಿಕ್ ಕಣ್ಣು. ಗೆರೆ ಹಾದಾಗಲೆಲ್ಲ ಕಣ್ಣು ಎಣಿಸಬೇಕು. ಎಣಿಕೆ ಕಡಿಮೆಯಾದರೆ ನಿಯಂತ್ರಕ ಕರೆಂಟು ಏರಿಸಬೇಕು, ಹೆಚ್ಚಾದರೆ ಇಳಿಸಬೇಕು.

ಬರಿಗಾಳಿಯಲ್ಲಿ ಸ್ಪಿಂಡಲು ಬುಗುರಿಯಂತೆ ತಿರುಗುತ್ತಿತ್ತು. ಹಿತ್ತಾಳೆಯನ್ನು ಮುಟ್ಟಿತೋ, ವೇಗ ಏರುವ ಬದಲು ಕುಸಿಯುತ್ತಿತ್ತು. ಹನ್ನೊಂದನೆಯ ತೂತಿಗೆ ಟಕ್. ಮತ್ತೊಂದು ಬಿಟ್, ನಾಲ್ಕನೆಯ ತೂತಿಗೆ ಟಕ್. ಕಣ್ಣನ್ನು ಬದಲಿಸಿದರು. ಮೋಟರನ್ನು ಬದಲಿಸಿದರು. ನಿಯಂತ್ರಕವನ್ನು ಎರಡು ಸಲ ಹೊಸದಾಗಿ ಕಟ್ಟಿದರು. ಮುರಿದ ಬಿಟ್‌ಗಳನ್ನು ಹಾಕಿಟ್ಟ ಔಷಧದ ಶೀಶೆ ಕುತ್ತಿಗೆಯ ತನಕ ತುಂಬಿತು. ಊಟಕ್ಕೆ ಕುಳಿತರೂ ಅವರ ಕಿವಿ ಆ ಟಕ್ ಸದ್ದಿನಲ್ಲಿಯೇ ಇರುತ್ತಿತ್ತು.

"ಬರೂ ಯುಗಾದಿಗೆ ಬಿಲ್ಲಿ ಬರಲಿಲ್ಲಂದ್ರ ಇದನ್ನೆಲ್ಲಾ ದತ್ತುನ ಗಾಡಿಗೆ ಹಾಕ್ತೀನಿ ನೋಡ್ರಿ," ಎಂದರು ರುಕ್ಮಿಣಿಬಾಯಿ. ದತ್ತು ಹಳೆ ಸಾಮಾನು ಕೊಳ್ಳುವ ತಳ್ಳುಗಾಡಿಯವನು. ಹೆಂಡತಿ ಹೇಳಿದ್ದನ್ನು ಮಾಡುವವಳೆಂದು ಚಂದ್ರಾಮಪ್ಪನವರಿಗೆ ಗೊತ್ತಿತ್ತು.

೨೦೧೩ರ ಫೆಬ್ರುವರಿಯಲ್ಲಿ ಅವರು ನಿಯಂತ್ರಕವನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು, ಯಂತ್ರದ ನಾಲ್ಕು ಚಿತ್ರಗಳೊಂದಿಗೆ, ಯೇವಲೆ ದಾಟಿ, ವೈಜಾಪುರ ದಾಟಿ, ಆಗ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಹೋದರು. ಮಗಳು ಲತಾ ಆ ಊರಿನ ಹೊರವಲಯದ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ಫಲಕಗಳನ್ನು ಜೋಡಿಸುವ ಕೆಲಸದಲ್ಲಿದ್ದಳು. ಅವಳು ಚಿತ್ರಗಳನ್ನು ಒಂದೊಂದಾಗಿ ನೋಡಿ ಕೇಳಿದಳು:

"ಅಪ್ಪಾ, ಮೋಟರಿಂದು ಕರೀ ವಾಯರ್ ಎಲ್ಲಿ ಹೋಗ್ತದ?"

"ಚೌಕಟ್ಟಿಗೆ."

"ಕಣ್ಣಿಂದು?"

"ಅದೂ ಚೌಕಟ್ಟಿಗೇ. ಮತ್ತೆಲ್ಲಿ ಹೋಗಬೇಕು?"

ಲತಾ ಹಣೆ ಬಡಿದುಕೊಂಡು ನಕ್ಕಳು. "ಅರೇ ದೇವಾ! ಅಪ್ಪಾ, ಹೇ ವಿಮಾನ್ ನಾಹೀ!" ಇದು ವಿಮಾನವಲ್ಲ ಎಂದು.

ವಿಮಾನದಲ್ಲಿ ಭಾರ ಉಳಿಸಲೆಂದು ಎಷ್ಟೋ ಸಾಧನಗಳಿಗೆ ಒಂದೇ ತಂತಿ ಕೊಡುತ್ತಾರೆ. ಕರೆಂಟು ಮರಳಿ ಬರುವುದು ಲೋಹದ ಮೈಯ ಮೂಲಕವೇ. ಚಂದ್ರಾಮಪ್ಪನವರ ಕೈ ತಾನಾಗಿಯೇ ಇಲ್ಲಿಯೂ ಹಾಗೆ ಕಟ್ಟಿತ್ತು. ಬಿಟ್ ಹಿತ್ತಾಳೆಯನ್ನು ಕಚ್ಚಿದಾಗ ಮೋಟರು ಭರ್ತಿ ಕರೆಂಟು ಎಳೆಯುತ್ತದೆ. ಅದೆಲ್ಲ ಚೌಕಟ್ಟಿನೊಳಗೆ ನುಗ್ಗಿ, ಅದೇ ದಾರಿಯಲ್ಲಿದ್ದ ಕಣ್ಣಿನ ನವಿರಾದ ಸಂಕೇತವನ್ನು ಕಲಕುತ್ತದೆ. ಆಗದ ಸುತ್ತುಗಳನ್ನೂ ಕಣ್ಣು ಎಣಿಸುತ್ತದೆ. ವೇಗ ಹೆಚ್ಚಾಯಿತೆಂದು ನಂಬಿ ನಿಯಂತ್ರಕ ಕರೆಂಟು ಇಳಿಸುತ್ತದೆ. ಶಕ್ತಿ ಬೇಕಾದ ಗಳಿಗೆಯಲ್ಲಿಯೇ ಕೈ ಬಿಡುತ್ತದೆ.

"ಮೂವತ್ತನಾಲ್ಕು ವರ್ಷ ನಾ ಹಾಕಿದ್ದು ಒಂದು ಗಂಟೂ ತಪ್ಪಿಲ್ಲ," ಎಂದರು ಚಂದ್ರಾಮಪ್ಪನವರು.

"ಗಂಟು ಚೊಲೋನೇ ಅದ ಅಪ್ಪಾ. ಜಾಗಾ ತಪ್ಪ್ಯದ."

ಅವರು ಮರುದಿನ ಬೆಳಗಿನ ಬಸ್ಸಿಗೇ ಹೊರಟುಬಂದರು. ಮಗಳು ಹೇಳಿದ್ದು ಸರಿಯೆಂದು ಬುದ್ಧಿಗೆ ತಿಳಿದಿತ್ತು, ಕೈ ಒಪ್ಪಲಿಲ್ಲ. ಇಕ್ಕಳ ಹಿಡಿದು ಚೌಕಟ್ಟಿನ ಮುಂದೆ ಕುಳಿತರೆ, ಅಂಗುಲ ಅಂಗುಲಕ್ಕೆ ಒಂದೇ ಅಳತೆಯಲ್ಲಿ ದಾರದ ಗಂಟು ಹಾಕಿ ಕಟ್ಟಿದ ಆ ತಂತಿಗಳ ಸಾಲನ್ನು ಕತ್ತರಿಸಲಾರದೆ ಎದ್ದುಬಿಡುತ್ತಿದ್ದರು. ಅದರ ಬದಲು ನಾಲ್ಕನೆಯ ನಿಯಂತ್ರಕವನ್ನು ಕಟ್ಟಿದರು. ಅದಕ್ಕೂ ಬಿಟ್ ಟಕ್ಕೆಂದಿತು.

ಯುಗಾದಿ ಬಂತು. ಎಲೆಗೆ ಶಾವಿಗೆ ಪಾಯಸ ಬಿತ್ತು.

"ಅಂಗಡೀದೇನು?" ಎಂದು ಚಂದ್ರಾಮಪ್ಪನವರು ಕೇಳಿದರು.

"ಹೌದ್ರಿ. ಅಲ್ಲಿ ಯಾರೋ ಪುಣ್ಯಾತ್ಮರು ಮಷೀನ್ ಇಟ್ಟಾರ. ಅದು ತಿರಗತದ."

ಹಬ್ಬದ ಮರುದಿನ ಮಧ್ಯಾಹ್ನಕ್ಕೆ ಮೊದಲೇ ದತ್ತು ಮೆಟ್ಟಿಲೇರಿ ಬಂದ. ಬಾಲ್ಕನಿಯಲ್ಲಿ ಚೌಕಟ್ಟನ್ನು ಒಂದು ಮೂಲೆಯಿಂದ ಎತ್ತಿ ಭಾರ ನೋಡಿದ. ಅದು ಕಿರ್ರೆಂದಾಗ ಚಂದ್ರಾಮಪ್ಪನವರು ಎದ್ದು ನಿಂತರು.

"ದತ್ತು, ಸಂಧ್ಯಾಕಾಳಿ ಯೇ," ಎಂದರು. ಸಂಜೆಗೆ ಬಾ ಎಂದು.

ದತ್ತು ರುಕ್ಮಿಣಿಬಾಯಿಯ ಮುಖ ನೋಡಿದ. ಅವರು ಆಗಲೆಂದು ತಲೆಯಾಡಿಸಿದರು.

ಅವನು ಇಳಿದುಹೋದ ಮೇಲೆ ಚಂದ್ರಾಮಪ್ಪನವರು ತಮ್ಮ ಗಂಟುಗಳನ್ನು ಕತ್ತರಿಸಿದರು. ಒಂದೊಂದನ್ನು ಕತ್ತರಿಸುವಾಗಲೂ ಹಲ್ಲು ಕಚ್ಚುತ್ತಿದ್ದರು. ಕಣ್ಣಿಗೆ ಬೇರೆ ತಂತಿ, ಮೋಟರಿಗೆ ಬೇರೆ ತಂತಿ ಎಳೆದರು. ಎರಡೂ ನಿಯಂತ್ರಕದ ಪೆಟ್ಟಿಗೆಯೊಳಗಿನ ಒಂದೇ ತಿರುಪಿನಲ್ಲಿ ಬಂದು ಸೇರಬೇಕು, ಚೌಕಟ್ಟನ್ನು ದಾರಿಯಾಗಿ ಬಳಸಕೂಡದು. ನೋಡಲು ಅದು ಅವರಿಗೆ ಹರಕು ಹೊಲಿಗೆಯಂತೆ ಕಂಡಿತು. ಹತ್ಯಾರ ಎಣಿಸಿ ಪೆಟ್ಟಿಗೆ ಮುಚ್ಚಿ, ಯಂತ್ರ ಚಾಲೂ ಮಾಡಿದರು.

ಹನ್ನೊಂದನೆಯ ತೂತು ದಾಟಿತು. ಐವತ್ತು ದಾಟಿತು. ಹಿತ್ತಾಳೆಯನ್ನು ಕಚ್ಚಿದಾಗಲೂ ಸ್ಪಿಂಡಲಿನ ದನಿ ಇಳಿಯಲಿಲ್ಲ. ರುಕ್ಮಿಣಿಬಾಯಿ ಬಾಗಿಲಲ್ಲಿ ನಿಂತು ಮೆಲ್ಲಗೆ ಎಣಿಸುತ್ತಿದ್ದರು. ಸಂಜೆ ದತ್ತು ಬಂದಾಗ ಅವನಿಗೆ ಚಹಾದೊಂದಿಗೆ ಮನೆಯ ಹಳೆಯ ಕೂಲರು ಸಿಕ್ಕಿತು.

ಈಗ ಗಂಡ ಹೆಂಡತಿ ಇಬ್ಬರೂ ಶೇಂದ್ರಾದ ಹತ್ತಿರ ಮಗಳ ಮನೆಯ ಪಕ್ಕದಲ್ಲಿದ್ದಾರೆ. ಏಪ್ರಿಲ್ ಬಂತೆಂದರೆ ಹೊಸ ಬಿಲ್ಲೆ ಹಾಕಿದ ಭಾಗವ್ವನ ಶಾವಿಗೆ ಯಂತ್ರವನ್ನು ಮಂಚಕ್ಕೆ ಬಿಗಿದು ರುಕ್ಮಿಣಿಬಾಯಿ ಹಿಡಿಕೆ ತಿರುಗಿಸುತ್ತಾರೆ. ಕೂದಲಿನಂತಹ ಎಳೆಗಳು ಇಳಿಯುತ್ತವೆ. ಚಂದ್ರಾಮಪ್ಪನವರು ಮಾತ್ರ ಅದರತ್ತ ನೋಡುವುದಿಲ್ಲ. ಭಾರ ಬಿದ್ದಾಗ ಅವರ ಸ್ಪಿಂಡಲು ಆರು ಸಾವಿರಕ್ಕೆ ನೂರಾ ಇಪ್ಪತ್ತು ಸುತ್ತು ಕಡಿಮೆ ತಿರುಗುತ್ತದೆ. ಆರನೆಯ ನಿಯಂತ್ರಕದ ಮುಚ್ಚಳ ತೆರೆದು, ಕನ್ನಡಕವನ್ನು ಹಣೆಗೇರಿಸಿ, ಗೊಣಗುತ್ತ ಕುಳಿತಿರುತ್ತಾರೆ.

"ಶಾವಿಗಿ ಛಂದ ಬರ್ತಾವಲ್ರಿ, ಇನ್ನೇನು ಬೇಕು ನಿಮಗ?"

"ಸುಮ್ಮನಿರ. ಆ ನೂರಾ ಇಪ್ಪತ್ತು ಎಲ್ಲಿ ಹೋಗ್ತಾವ, ಅದನ್ನ ಹೇಳು."